ಎದೆ ಬಿಗಿದಾಗ ಸೋಡಾ ಕುಡಿದು ಕೂರಬೇಡಿ



ರಾಗಿಗೆ ಬೆಂಕಿರೋಗ ತಗಲಿದರೆ ಎಲೆಯ ಚುಕ್ಕೆ ನೋಡಿಯೇ ಹೇಳಬಲ್ಲಿರಿ. ಹಸು ಮೇವು ಬಿಟ್ಟರೆ ತಡಮಾಡದೆ ಪಶುವೈದ್ಯರಿಗೆ ಹೇಳಿ ಕಳಿಸುತ್ತೀರಿ. ಮನೆಯ ಯಜಮಾನರು ಎದೆ ಹಿಡಿದುಕೊಂಡು ಕೂತರೆ ಮಾತ್ರ "ಗ್ಯಾಸ್ ಇರಬೇಕು" ಎಂದು ಸುಮ್ಮನಾಗುತ್ತೀರಿ. ಕೃಷಿ ಪುಟದಲ್ಲಿ ಈ ಮಾತೇಕೆ ಎನ್ನಬೇಡಿ.

ಸರ್ಜಾಪುರ ಹೋಬಳಿಯಲ್ಲಿ ನಾನು ಬಲ್ಲ ಒಬ್ಬ ರೈತರಿಗೆ ಕಳೆದ ಸುಗ್ಗಿಯಲ್ಲಿ ಹಾಲು ಕರೆಯುವ ಹೊತ್ತಿಗೆ ಎದೆ ಬಿಗಿಯಿತು. ಚಳಿಯಲ್ಲೂ ಅಂಗಿ ತೊಯ್ಯುವಷ್ಟು ಬೆವರು. ಡೈರಿಗೆ ಹಾಲು ಹಾಕಿ, ಸೋಡಾ ಕುಡಿದು, ಕಣಕ್ಕೆ ಹೋದರು. ಆಸ್ಪತ್ರೆ ಸೇರಿದ್ದು ಸಂಜೆಗೆ. ಜೀವ ಉಳಿಯಿತು. ಆದರೆ ಈಗ ಹೊಲದ ಬದುವಿನ ಮೇಲೆ ನಾಲ್ಕು ಹೆಜ್ಜೆ ಇಟ್ಟರೂ ಏದುಸಿರು. ಹೃದಯಕ್ಕೆ ರಕ್ತ ಒಯ್ಯುವ ನಾಳದಲ್ಲಿ ಹೆಪ್ಪು ಕಟ್ಟಿದರೆ, ಕಾಲುವೆ ಕಟ್ಟಿಕೊಂಡಾಗ ಕೊನೆಯ ಮಡಿ ಒಣಗುವಂತೆ ಅಲ್ಲಿನ ಸ್ನಾಯು ಸಾಯುತ್ತದೆ. ಬಾಡಿದ ಪೈರು ನೀರು ಕಂಡರೆ ಚಿಗುರೀತು; ಸತ್ತ ಸ್ನಾಯು ಚಿಗುರದು.

ಗುರುತುಗಳು ಇವು: ಎದೆಯ ಮಧ್ಯೆ ಮೂಟೆ ಹೇರಿದಂಥ ಭಾರ ಅಥವಾ ಬಿಗಿತ, ಅದು ಎಡದೋಳು, ಬೆನ್ನು, ದವಡೆಗೆ ಹರಡುವುದು, ತಣ್ಣನೆಯ ಬೆವರು, ಉಸಿರು ಕಟ್ಟುವುದು, ವಾಕರಿಕೆ. ಹೆಂಗಸರಿಗೆ, ವಯಸ್ಸಾದವರಿಗೆ, ಸಕ್ಕರೆ ಕಾಯಿಲೆಯವರಿಗೆ ಎದೆನೋವೇ ಇಲ್ಲದೆ ಬರಿಯ ಸುಸ್ತು, ಉಬ್ಬಸ, ಹೊಟ್ಟೆಯ ಮೇಲ್ಭಾಗದ ಸಂಕಟ ಕಾಣಿಸಬಹುದು. ಮನೆಯ ಹೆಣ್ಣುಮಕ್ಕಳು "ಏನೋ ಆಯಾಸ" ಎಂದರೆ ತಳ್ಳಿಹಾಕಬೇಡಿ.

ನಮ್ಮ ಕಸುಬಿಗೆ ಸೇರಿದ ಇನ್ನೊಂದು ಮಾತು. ಔಷಧಿ ಸಿಂಪಡಿಸಿದ ಮೇಲೆ ಬೆವರು, ವಾಂತಿ, ಉಸಿರಾಟದ ತೊಂದರೆಯ ಜೊತೆಗೆ ಬಾಯಲ್ಲಿ ಜೊಲ್ಲು ಸುರಿದು ಕಣ್ಣಪಾಪೆ ಕಿರಿದಾಗಿದ್ದರೆ ಅದು ಕೀಟನಾಶಕದ ವಿಷವಿರಬಹುದು. ಆಗಲೂ ಆಸ್ಪತ್ರೆಗೇ ಓಡಬೇಕು, ಡಬ್ಬಿಯ ಚೀಟಿಯನ್ನು ಜೊತೆಗೆ ಒಯ್ಯಬೇಕು.

ಸಂಶಯ ಬಂದೊಡನೆ 108ಕ್ಕೆ ಫೋನ್ ಮಾಡಿ. ರೋಗಿಯನ್ನು ನಡೆಸಬೇಡಿ, ತಾನೇ ಬೈಕು ಓಡಿಸಿಕೊಂಡು ಹೋಗಲಂತೂ ಬಿಡಬೇಡಿ. ಆಸ್ಪಿರಿನ್ ಒಗ್ಗದವರು, ಹೊಟ್ಟೆಹುಣ್ಣಿನ ರಕ್ತಸ್ರಾವ ಇರುವವರನ್ನು ಬಿಟ್ಟು ಉಳಿದವರಿಗೆ 300 ಮಿಲಿಗ್ರಾಂ ಆಸ್ಪಿರಿನ್ ಅಗಿಯಲು ಕೊಡಬಹುದೇ ಎಂದು ಫೋನಿನಲ್ಲೇ ಕೇಳಿ. ಬೆಂಗಳೂರಿನ ಜಯದೇವ ಆಸ್ಪತ್ರೆ ದೊಡ್ಡದು ನಿಜ, ಆದರೆ ಸರ್ಜಾಪುರ ರಸ್ತೆಯ ವಾಹನ ದಟ್ಟಣೆ ನಿಮಗೆ ಗೊತ್ತೇ ಇದೆ. ಮೊದಲು ಹತ್ತಿರದಲ್ಲಿ ಇಸಿಜಿ ಆಗಲಿ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಗೆ ಸೇರಿದ ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ ನೋಡಿ, ಅಗತ್ಯವಿದ್ದವರಿಗೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುತ್ತಾರೆ. ಮೊದಲ ಗಂಟೆಯಲ್ಲೇ ಸಿಕ್ಕರೆ ಅದರ ಗುಣ ಹೆಚ್ಚು.

2021ರ ಅಕ್ಟೋಬರ್ 29ರಂದು ಪುನೀತ್ ತೀರಿಕೊಂಡಾಗ ಅವರಿಗೆ 46 ವರ್ಷ. 2025ರಲ್ಲಿ ಹಾಸನದ ಸುದ್ದಿ ಕೇಳಿ ಜನ ಜಯದೇವಕ್ಕೆ ಮುಗಿಬಿದ್ದರು. ಗಾಬರಿಯಿಂದ ಸಾಲು ನಿಲ್ಲುವುದಕ್ಕಿಂತ ಒಂದು ಕೆಲಸ ಕಲಿಯುವುದು ಮೇಲೆಂದು ನನ್ನ ಅನಿಸಿಕೆ. ಕುಸಿದು ಬಿದ್ದವರು ಕರೆದರೆ ಓಗೊಡದೆ, ಸರಿಯಾಗಿ ಉಸಿರಾಡದೆ ಇದ್ದರೆ ಎದೆಯ ನಟ್ಟನಡುವೆ ಎರಡೂ ಅಂಗೈ ಊರಿ, ಸುಮಾರು 5 ಸೆಂಟಿಮೀಟರ್ ಇಳಿಯುವಂತೆ, ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕು. ಸಹಾಯ ಬರುವ ತನಕ ನಿಲ್ಲಿಸಬಾರದು. ಪಂಚಾಯಿತಿಯವರು ಆರೋಗ್ಯ ಕೇಂದ್ರದವರನ್ನು ಕರೆಸಿ ಒಂದು ಸಂಜೆ ಇದನ್ನು ಹೇಳಿಕೊಡಿಸಲಿ.

ರಾತ್ರಿ ಹೊತ್ತು ಊರಿನಲ್ಲಿ ಯಾರ ಕಾರು ಸಿಗುತ್ತದೆ, ಇಸಿಜಿ ಯಂತ್ರ ಎಲ್ಲಿದೆ ಎಂಬುದನ್ನು ಈ ವಾರವೇ ವಿಚಾರಿಸಿ ವಾಚನಾಲಯದ ಗೋಡೆಯ ಮೇಲೆ ಬರೆದಿಡಿ. ಹಾಲಿನ ದರದ ಪಟ್ಟಿಯ ಪಕ್ಕದಲ್ಲಿ ಜಾಗವಿರುತ್ತದೆ.