ಗಣಕಯಂತ್ರಕ್ಕೆ ಮುಪ್ಪಲ್ಲ, ಸ್ಮೃತಿಯ ಕೊರತೆ

ನಿಧಾನವಾದ ಗಣಕಯಂತ್ರವನ್ನು ಹೊತ್ತು ಪೇಟೆಯ ಅಂಗಡಿಗೆ ಹೋದ ಮಲೆನಾಡಿಗನಿಗೆ ಬಹುತೇಕ ಎಲ್ಲೆಡೆ ದೊರೆಯುವುದು ಒಂದೇ ಉತ್ತರ: ‘ಇದು ಹಳೆಯದಾಯಿತು, ಹೊಸದು ತೆಗೆದುಕೊಳ್ಳಿ.’ ಈ ಮಾತು ಬಹಳಷ್ಟು ಸಂದರ್ಭಗಳಲ್ಲಿ ಸುಳ್ಳು. ಸಾವಿರಾರು ರೂಪಾಯಿ ತೆತ್ತು ಈ ಸುಳ್ಳನ್ನು ಕೊಳ್ಳುವವನು ಅಡಿಕೆ ಬೆಳೆಗಾರ, ಕೂಲಿಕಾರನ ಕಾಲೇಜು ಓದುವ ಮಗಳು, ಸಹಕಾರಿ ಸಂಘದ ಗುಮಾಸ್ತ. ಅದೇ ಸುಳ್ಳಿಗೆ ಇನ್ನೆಲ್ಲೋ ಒಂದು ಊರು ತನ್ನ ನೀರನ್ನೂ ನೆಲವನ್ನೂ ತೆರುತ್ತದೆ. ನದಿ ತಿರುವಿನ ವಿರುದ್ಧ, ಗಣಿಯ ವಿರುದ್ಧ ದಶಕಗಳಿಂದ ದನಿಯೆತ್ತುತ್ತ ಬಂದಿರುವ ಪರಿಸರ ಚಳವಳಿ ಮಾತ್ರ ಮನೆಯ ಮೇಜಿನ ಮೇಲಿನ ಈ ವಿಷಯದಲ್ಲಿ ಮೌನ ತಾಳಿದೆ. ಈ ಮೌನ ಇನ್ನು ಸಲ್ಲದು.

ಕನಿಷ್ಠದ ನಿಯಮ

ಕೃಷಿ ವಿಜ್ಞಾನದ ಪ್ರತಿಯೊಬ್ಬ ವಿದ್ಯಾರ್ಥಿಯೂ ಮೊದಲ ವರ್ಷದಲ್ಲೇ ಓದುವ ನಿಯಮವೊಂದಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನಿಯ ಕಾರ್ಲ್ ಸ್ಪ್ರೆಂಗೆಲ್ ಹೇಳಿ, ಯುಸ್ಟಸ್ ಲೀಬಿಗ್ ಪ್ರಚಾರಕ್ಕೆ ತಂದ ನಿಯಮ ಅದು. ಇಳುವರಿಯನ್ನು ನಿರ್ಧರಿಸುವುದು ಮಣ್ಣಿನಲ್ಲಿರುವ ಪೋಷಕಾಂಶಗಳ ಒಟ್ಟು ಮೊತ್ತವಲ್ಲ. ಅವುಗಳಲ್ಲಿ ಅತ್ಯಂತ ಕೊರತೆಯಿರುವ ಒಂದೇ ಒಂದು ಅಂಶ. ಅಡಿಕೆ ಮರವೊಂದಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್ ಕೊಡಬೇಕೆಂಬುದು ಶಿಫಾರಸು. ಪೊಟ್ಯಾಷ್ ಕೊರತೆಯಿರುವ ತೋಟಕ್ಕೆ ಯೂರಿಯಾವನ್ನು ಎಷ್ಟು ಸುರಿದರೂ ಫಲವಿಲ್ಲ. ಪೊಟ್ಯಾಷ್ ಸಾಲದೆಂದು ತೋಟವನ್ನೇ ಕಡಿದು ಹೊಸ ಸಸಿ ನೆಡುವ ರೈತನನ್ನು ಯಾರೂ ಬುದ್ಧಿವಂತನೆನ್ನುವುದಿಲ್ಲ.

ಗಣಕಯಂತ್ರಕ್ಕೂ ಇದೇ ನಿಯಮ ಅನ್ವಯಿಸುತ್ತದೆ. ಲೆಕ್ಕ ಮಾಡುವ ಸಂಸ್ಕಾರಕ, ಕಡತಗಳನ್ನು ಇಡುವ ಹಾರ್ಡ್ ಡಿಸ್ಕ್, ಕೆಲಸ ನಡೆಯುವಾಗ ಬೇಕಾದುದನ್ನು ಕೈಗೆಟುಕುವಂತೆ ಹಿಡಿದಿಡುವ ಸ್ಮೃತಿ, ಅಂದರೆ ರ್‍ಯಾಮ್: ಈ ಮೂರರಲ್ಲಿ ಯಾವುದು ಕಡಿಮೆಯೋ ಅದೇ ಇಡೀ ಯಂತ್ರದ ವೇಗವನ್ನು ಕಟ್ಟಿಹಾಕುತ್ತದೆ. ಹಾರ್ಡ್ ಡಿಸ್ಕನ್ನು ಅಟ್ಟವೆಂದುಕೊಂಡರೆ ರ್‍ಯಾಮ್ ಅಡಿಕೆ ಒಣಗಿಸುವ ಅಂಗಳ. ಅಂಗಳ ಸಣ್ಣದಾದರೆ ಹರಡಿದ್ದನ್ನು ಮತ್ತೆ ಮತ್ತೆ ಬಾಚಿ ಅಟ್ಟಕ್ಕೇರಿಸಬೇಕು, ಬೇಕಾದಾಗ ಪುನಃ ಇಳಿಸಬೇಕು. ದಿನವೆಲ್ಲ ಹೊರುವುದರಲ್ಲೇ ಕಳೆಯುತ್ತದೆ. ರ್‍ಯಾಮ್ ತುಂಬಿದ ಯಂತ್ರ ಮಾಡುವುದೂ ಇದನ್ನೇ. ರ್‍ಯಾಮ್‌ನಲ್ಲಿ ಹಿಡಿಸದ ಮಾಹಿತಿಯನ್ನು ಡಿಸ್ಕಿಗೆ ಬರೆಯುತ್ತದೆ, ಮತ್ತೆ ಓದುತ್ತದೆ. ತಿರುಗುವ ತಟ್ಟೆಯ ಹಳೆಯ ಡಿಸ್ಕು ರ್‍ಯಾಮ್‌ಗಿಂತ ಅಪಾರ ನಿಧಾನ. ಪಹಣಿಯ ಪುಟ ತೆರೆಯಲು ಐದು ನಿಮಿಷ ಕಾಯಿಸುವುದು, ನುಡಿ ತಂತ್ರಾಂಶದಲ್ಲಿ ಬೆರಳಚ್ಚಿಸಿದ ಅಕ್ಷರ ತಡವಾಗಿ ಮೂಡುವುದು ಬಹುಪಾಲು ಈ ಹೊರೆ ಸಾಗಾಟದಿಂದಲೇ.

ಹತ್ತು ವರ್ಷಗಳ ಹಿಂದೆ ಮನೆಬಳಕೆಯ ಯಂತ್ರಗಳು ಬರುತ್ತಿದ್ದುದು ಸಾಮಾನ್ಯವಾಗಿ 2 ಅಥವಾ 4 ಜಿಬಿ ರ್‍ಯಾಮ್‌ನೊಂದಿಗೆ. ಅವುಗಳ ಸಂಸ್ಕಾರಕ ಸವೆದಿಲ್ಲ. ನೇಗಿಲಿನ ಗುಳದಂತೆ ಸವೆಯುವ ವಸ್ತುವೂ ಅದಲ್ಲ. ಬದಲಾದದ್ದು ತಂತ್ರಾಂಶ. ಜಾಲತಾಣಗಳ ಪುಟಗಳು ಚಿತ್ರ, ಚಲನಚಿತ್ರ, ಜಾಹೀರಾತುಗಳಿಂದ ಊದಿಕೊಂಡಿವೆ. ಹೊರೆ ಹೆಚ್ಚಿಸಿದವರು ಒಬ್ಬರು, ಮುಪ್ಪಿನ ಆರೋಪ ಹೊತ್ತದ್ದು ಯಂತ್ರ. ಇಂಥ ಯಂತ್ರಕ್ಕೆ ಇನ್ನೊಂದು 4 ಜಿಬಿಯ ರ್‍ಯಾಮ್ ಪಟ್ಟಿಯನ್ನು ಸೇರಿಸಿ, ಸಾಧ್ಯವಾದರೆ ಹಳೆಯ ಡಿಸ್ಕಿನ ಜಾಗಕ್ಕೆ ಎಸ್‌ಎಸ್‌ಡಿ ಹಾಕಿದರೆ ಅದು ಓದು, ಬರಹ, ಲೆಕ್ಕಪತ್ರಗಳಿಗೆ ಇನ್ನೂ ಹಲವು ವರ್ಷ ಸಲ್ಲುತ್ತದೆ.

ಎರಡು ಗ್ರಾಂ ಚಿಪ್ಪಿನ ಭಾರ

ಇದು ಹಣ ಉಳಿಸುವ ಉಪಾಯ ಮಾತ್ರವಾಗಿದ್ದರೆ ಪರಿಸರ ಪತ್ರಿಕೆಯಲ್ಲಿ ಚರ್ಚಿಸಬೇಕಾಗಿರಲಿಲ್ಲ. ವಿಶ್ವಸಂಸ್ಥೆಯ ವಿಶ್ವವಿದ್ಯಾಲಯದ ಎರಿಕ್ ವಿಲಿಯಮ್ಸ್ ಮತ್ತು ಸಂಗಡಿಗರು 2002ರಲ್ಲಿ ರ್‍ಯಾಮ್ ಚಿಪ್ಪೊಂದರ ಜಾತಕವನ್ನೇ ಬಿಡಿಸಿಟ್ಟರು. ಕೇವಲ 2 ಗ್ರಾಂ ತೂಗುವ 32 ಎಂಬಿ ಚಿಪ್ಪಿನ ತಯಾರಿಕೆ ಮತ್ತು ಬಳಕೆಗೆ ಸುಮಾರು 1,600 ಗ್ರಾಂ ಪಳೆಯುಳಿಕೆ ಇಂಧನ, 72 ಗ್ರಾಂ ರಾಸಾಯನಿಕ, ತಯಾರಿಕೆಗೆ 32 ಲೀಟರ್ ನೀರು ಖರ್ಚಾಗುತ್ತದೆಂದು ಆ ಅಧ್ಯಯನ ತೋರಿಸಿತು. ಅದೇ ಸಂಸ್ಥೆ 2004ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಪರದೆಸಹಿತ ಒಂದು ಮೇಜಿನ ಗಣಕಯಂತ್ರದ ತಯಾರಿಕೆಗೆ ಕನಿಷ್ಠ 240 ಕಿಲೋ ಇಂಧನ, 22 ಕಿಲೋ ರಾಸಾಯನಿಕ, 1,500 ಲೀಟರ್ ನೀರು ಬೇಕಾಗಿತ್ತು.

ಈ ಅಂಕಿಗಳು ಅಂದಿನ ತಂತ್ರಜ್ಞಾನದವು. ಇಂದಿನ ಚಿಪ್ಪು ಅದರ ಎಷ್ಟೋ ಪಟ್ಟು ಮಾಹಿತಿ ಹಿಡಿಯುತ್ತದೆ, ಪರದೆಯೂ ಬದಲಾಗಿದೆ. ಆದರೆ ಅಧ್ಯಯನ ಕಲಿಸಿದ ಪಾಠ ಹಳತಾಗಿಲ್ಲ. ಅಂದಿನ ಲೆಕ್ಕದಲ್ಲಿ ಮನೆಯ ಗಣಕವೊಂದು ತನ್ನ ಜೀವಿತದಲ್ಲಿ ನುಂಗುವ ಶಕ್ತಿಯ ಐದರಲ್ಲಿ ನಾಲ್ಕು ಪಾಲು, ಕೊಂಡವನು ಮೊದಲ ಬಾರಿ ಗುಂಡಿ ಒತ್ತುವ ಮುನ್ನವೇ ಕಾರ್ಖಾನೆಯಲ್ಲಿ ಮುಗಿದಿತ್ತು. ಪ್ರಿಡ್ಜು, ಬಲ್ಬುಗಳಿಗೆ ಸಲ್ಲುವ ‘ಹೊಸದು ಕಡಿಮೆ ಕರೆಂಟು ತಿನ್ನುತ್ತದೆ’ ಎಂಬ ವಾದ ಗಣಕಯಂತ್ರಕ್ಕೆ ಅಷ್ಟು ಸುಲಭವಾಗಿ ಸಲ್ಲದಿರುವುದು ಇದಕ್ಕಾಗಿಯೇ. ಅದನ್ನು ಹೆಚ್ಚು ಕಾಲ ಬಳಸಿದಷ್ಟೂ ಆ ಮೊದಲ ಖರ್ಚು ಹೆಚ್ಚು ವರ್ಷಗಳಿಗೆ ಹಂಚಿಹೋಗುತ್ತದೆ.

ಹಾಗಾದರೆ ಹೊಸ ರ್‍ಯಾಮ್ ಕೊಳ್ಳುವುದೂ ಪರಿಸರಕ್ಕೆ ಹೊರೆಯಲ್ಲವೇ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದು, ಹೊರೆ ಹೌದು. ಆದರೆ ಒಂದು ಪಟ್ಟಿಯ ಹೊರೆಗೂ ಪರದೆ, ಬ್ಯಾಟರಿ, ಸಂಸ್ಕಾರಕ, ತಂತಿಗಳ ಜೊತೆಗೆ ಅಂಥದೇ ಪಟ್ಟಿಯನ್ನೂ ಹೊತ್ತುಬರುವ ಇಡೀ ಹೊಸ ಯಂತ್ರದ ಹೊರೆಗೂ ಸಾಟಿಯಿಲ್ಲ. ಕೊರತೆ ತುಂಬುವುದು ಬೇರೆ, ಸುರಿಯುವುದು ಬೇರೆ. ಪತ್ರ ಬರೆದು, ಅಡಿಕೆ ಧಾರಣೆ ನೋಡುವವನು 32 ಜಿಬಿ ಹಾಕಿಸಿದರೆ ಅದು ಅತಿಗೊಬ್ಬರದಂಥದೇ ದುರಾಸೆ.

ಮರುಬಳಕೆಯೆಂಬ ಹುಸಿ ಸಮಾಧಾನ

‘ಹಳೆಯದನ್ನು ಮರುಬಳಕೆಗೆ ಕೊಟ್ಟರಾಯಿತು’ ಎಂಬುದು ಮಾರುವವರು ಒಡ್ಡುವ ಇನ್ನೊಂದು ವಾದ. 2022ರಲ್ಲಿ ಜಗತ್ತಿನಲ್ಲಿ ಹುಟ್ಟಿದ ಇ-ತ್ಯಾಜ್ಯ 6 ಕೋಟಿ 20 ಲಕ್ಷ ಟನ್. ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹಗೊಂಡು ಮರುಬಳಕೆಯಾದದ್ದಕ್ಕೆ ದಾಖಲೆಯಿರುವುದು ಶೇಕಡಾ 22.3ಕ್ಕೆ ಮಾತ್ರ. ಇದು ವಿಶ್ವಸಂಸ್ಥೆಯ ಅಂಗಸಂಸ್ಥೆಗಳು 2024ರಲ್ಲಿ ಪ್ರಕಟಿಸಿದ ವರದಿಯ ಮಾತು. ಉಳಿದುದರಲ್ಲಿ ಬಹುಪಾಲು ಏನಾಯಿತೆಂಬುದು ನಗರಗಳ ಗುಜರಿ ಗಲ್ಲಿಗಳಲ್ಲಿ ಕಾಣುತ್ತದೆ. ರ್‍ಯಾಮ್ ಪಟ್ಟಿಯ ಅಂಚಿನಲ್ಲಿ ಹೊಳೆಯುವ ಸಂಪರ್ಕಪಟ್ಟಿಗಳ ಮೇಲೆ ಚಿನ್ನದ ತೆಳುಲೇಪವಿದೆ. ಅದಕ್ಕಾಗಿ ಬಡ ಕಾರ್ಮಿಕರು ಬರಿಗೈಯಲ್ಲಿ ಪಟ್ಟಿಗಳನ್ನು ಆಮ್ಲದಲ್ಲಿ ಅದ್ದುತ್ತಾರೆ; ಉಳಿದ ದ್ರವ ಚರಂಡಿ ಸೇರುತ್ತದೆ. ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಅದು ಬಿಟ್ಟುಹೋದ ಸಯನೈಡ್ ಮಣ್ಣಿನ ದಿಬ್ಬಗಳು ಊರಿನ ಪಾಲಿಗೆ ಉಳಿದವು. ಭೂಮಿಯಿಂದ ಚಿನ್ನ ತೆಗೆಯುವಾಗಲೂ ವಿಷ, ಕಸದಿಂದ ತೆಗೆಯುವಾಗಲೂ ವಿಷ.

ಕ್ರಮಬದ್ಧ ಕಾರ್ಖಾನೆಗೆ ಹೋದರೂ ನಷ್ಟ ತಪ್ಪದು. ಮರುಬಳಕೆ ಹಿಂದಿರುಗಿಸುವುದು ಲೋಹವನ್ನು ಮಾತ್ರ: ಒಂದಿಷ್ಟು ತಾಮ್ರ, ಚಿಟಿಕೆ ಚಿನ್ನ. ಸಿಲಿಕಾನಿನ ಮೇಲೆ ಕಣ್ಣಿಗೆ ಕಾಣದ ಗೆರೆಗಳನ್ನು ಕೊರೆಯಲು ಸುಟ್ಟ ಕಲ್ಲಿದ್ದಲು, ಹರಿಸಿದ ಶುದ್ಧ ನೀರು ಯಾವ ಕುಲುಮೆಯಿಂದಲೂ ಮರಳುವುದಿಲ್ಲ. ಚಿಪ್ಪನ್ನು ಪುಡಿಮಾಡಿದೊಡನೆ ಆ ಶ್ರಮವೆಲ್ಲ ಸೊನ್ನೆ. ಇ-ತ್ಯಾಜ್ಯಕ್ಕೆಂದೇ ಭಾರತ ಮೊದಲು ನಿಯಮ ರೂಪಿಸಿದ್ದು 2011ರಲ್ಲಿ. 2016ರಲ್ಲಿ ಹೊಸ ನಿಯಮ ಬಂತು. 2022ರ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಾದವು. ಆದರೆ ತಯಾರಕರು ಎಷ್ಟು ಟನ್ ಮರುಬಳಕೆ ಮಾಡಿಸಿದರೆಂಬ ಲೆಕ್ಕವೇ ಈ ನಿಯಮಗಳ ಬೆನ್ನೆಲುಬು. ಮನೆಯಲ್ಲೇ ರಿಪೇರಿಯಾಗಿ ಕಸವಾಗದೆ ಉಳಿದ ಯಂತ್ರಕ್ಕೆ ಅಲ್ಲಿ ತೂಕವಿಲ್ಲ.

ಬೆಸುಗೆ ಹಾಕಿದ ಬಾಗಿಲು

ರ್‍ಯಾಮ್ ಸೇರಿಸುವ ಈ ಸರಳ ಹಾದಿಯನ್ನೇ ಕಂಪೆನಿಗಳು ಮುಚ್ಚುತ್ತಿರುವುದು ಎಲ್ಲಕ್ಕಿಂತ ಗಂಭೀರ ಸಂಗತಿ. 2008ರಲ್ಲಿ ಬಂದ ಆಪಲ್‌ನ ಮ್ಯಾಕ್‌ಬುಕ್ ಏರ್‌ನಲ್ಲಿ ರ್‍ಯಾಮನ್ನು ಮದರ್‌ಬೋರ್ಡಿಗೇ ಬೆಸೆಯಲಾಗಿತ್ತು. ಅನಂತರ ಹಲವು ತಯಾರಕರ ತೆಳು ಲ್ಯಾಪ್‌ಟಾಪ್‌ಗಳು ಅದೇ ದಾರಿ ಹಿಡಿದವು. ಬೆಸೆದ ರ್‍ಯಾಮ್ ಸಾಲದಾದರೆ ಸೇರಿಸುವಂತಿಲ್ಲ. ಅದು ಕೆಟ್ಟರೆ ಇಡೀ ಬೋರ್ಡೇ ಹೋಯಿತು. ತೆಳುವಾಗಲು, ವಿದ್ಯುತ್ ಉಳಿಸಲು ಬೆಸುಗೆ ಅನಿವಾರ್ಯವೆಂಬುದು ಅವರ ಸಮರ್ಥನೆ. ಬೆಸೆದು ಬಳಸುವ ಒಂದು ಬಗೆಯ ರ್‍ಯಾಮ್ ಕಡಿಮೆ ವಿದ್ಯುತ್ ಬಳಸುವುದು ನಿಜ. ಆದರೆ ಅಂಥ ರ್‍ಯಾಮನ್ನೂ ಕಳಚಿ ಜೋಡಿಸಬಹುದಾದ ಮಾದರಿಗೆ ಜಾಗತಿಕ ಮಾನಕ ಸಂಸ್ಥೆಯಾದ ಜೆಡೆಕ್ 2023ರ ಡಿಸೆಂಬರಿನಲ್ಲೇ ಒಪ್ಪಿಗೆಯ ಮುದ್ರೆ ಒತ್ತಿದೆ. ಅಲ್ಲಿಗೆ ಅನಿವಾರ್ಯವೆಂಬ ಮಾತು ಬಿದ್ದುಹೋಯಿತು. ಉಳಿದದ್ದು ವ್ಯಾಪಾರ ಮಾತ್ರ.

ತಂತ್ರಾಂಶದ ಬಾಗಿಲೂ ಮುಚ್ಚುತ್ತಿದೆ. ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ ನಿಲ್ಲಿಸಿತು. ವಿಂಡೋಸ್ 11 ಕೇಳುವುದು 4 ಜಿಬಿ ರ್‍ಯಾಮ್ ಮಾತ್ರವೇ. ಆದರೆ ಸಂಸ್ಕಾರಕದ ಪಟ್ಟಿ ಮತ್ತು ಭದ್ರತಾ ಚಿಪ್ಪಿನ ಷರತ್ತುಗಳಿಂದ ಸುಸ್ಥಿತಿಯ ಅಸಂಖ್ಯ ಯಂತ್ರಗಳನ್ನು ಹೊರಗಿಟ್ಟಿದೆ. ಇಂಥ ಯಂತ್ರಗಳಿಗೆ ರ್‍ಯಾಮ್ ಒಂದೇ ಸಾಲದು, ಲಿನಕ್ಸ್ ಬೇಕು. ಅದು ಹಳ್ಳಿಗರಿಗೆ ಎಟುಕದ ವಿದ್ಯೆಯೆನ್ನುವವರು ಘಟ್ಟದಾಚೆ ನೋಡಲಿ. ವಯನಾಡು, ಇಡುಕ್ಕಿಯಂಥ ಗುಡ್ಡಗಾಡು ಜಿಲ್ಲೆಗಳನ್ನೂ ಒಳಗೊಂಡ ಕೇರಳದ ಸರ್ಕಾರಿ ಶಾಲೆಗಳಲ್ಲಿ 2000ದ ದಶಕದಿಂದಲೇ ಮಕ್ಕಳು ಲಿನಕ್ಸ್ ಕಲಿಯುತ್ತಿದ್ದಾರೆ.

ಇದರ ಮೇಲೆ ಬೆಲೆಯ ಬರೆ. 2025ರ ಕೊನೆಯ ತಿಂಗಳುಗಳಲ್ಲಿ ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳತ್ತ ಚಿಪ್ಪುಗಳು ಹರಿದು, ಮನೆಬಳಕೆಯ ರ್‍ಯಾಮ್‌ನ ಬೆಲೆ ಗಗನಕ್ಕೇರಿತು. ಜಗತ್ತಿನ ಮೂರು ಪ್ರಮುಖ ತಯಾರಕರಲ್ಲೊಂದಾದ ಮೈಕ್ರಾನ್ ಸಾಮಾನ್ಯ ಗ್ರಾಹಕರಿಗೆ ‘ಕ್ರೂಷಿಯಲ್’ ಹೆಸರಿನಲ್ಲಿ ರ್‍ಯಾಮ್ ಮಾರುವುದನ್ನೇ ನಿಲ್ಲಿಸುವುದಾಗಿ ಆ ವರ್ಷದ ಡಿಸೆಂಬರಿನಲ್ಲಿ ಘೋಷಿಸಿತು. ಹೊಳೆಯ ಮೇಲ್ಭಾಗದಲ್ಲಿ ದೊಡ್ಡ ಪಂಪು ಇಟ್ಟವನಿಗೆ ನೀರು, ಕೆಳಗಿನವನಿಗೆ ಒಣ ಕಾಲುವೆ. ಈ ನ್ಯಾಯ ಮಲೆನಾಡಿಗೆ ಹೊಸತೇನಲ್ಲ.

ಆಗಬೇಕಾದದ್ದೇನು

ಮೊದಲನೆಯದು ಮಣ್ಣು ಪರೀಕ್ಷೆ. ವಿಂಡೋಸ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ನಿತ್ಯದ ಕೆಲಸ ನಡೆಯುತ್ತಿರುವಾಗ ಅಲ್ಲಿ ಮೆಮೊರಿ ಶೇಕಡಾ 85-90ರ ಮೇಲೆಯೇ ನಿಂತಿದ್ದರೆ ಕೊರತೆ ರ್‍ಯಾಮ್‌ನದೇ. ಎಷ್ಟು ಕಿಂಡಿಗಳಿವೆ, ಎಷ್ಟು ತುಂಬಿವೆ ಎಂಬುದನ್ನೂ ಸಾಮಾನ್ಯವಾಗಿ ಅದೇ ತೆರೆ ತಿಳಿಸುತ್ತದೆ. ಮೆಮೊರಿಗೆ ಬಿಡುವಿದ್ದೂ ಯಂತ್ರ ತೆವಳುತ್ತಿದ್ದರೆ ರ್‍ಯಾಮ್‌ಗೆ ಹಣ ಸುರಿಯಬಾರದು. ರೋಗ ಡಿಸ್ಕಿನಲ್ಲೋ ವೈರಸ್ಸಿನಲ್ಲೋ ಇದೆ. 32 ಬಿಟ್ ವಿಂಡೋಸ್ ಇರುವಲ್ಲಿ 4 ಜಿಬಿಗಿಂತ ಹೆಚ್ಚು ಹಾಕಿಯೂ ಪ್ರಯೋಜನವಿಲ್ಲ.

ಎರಡನೆಯದು ಹೊಂದಾಣಿಕೆ. ಡಿಡಿಆರ್3, ಡಿಡಿಆರ್4, ಡಿಡಿಆರ್5 ಪಟ್ಟಿಗಳ ಅಂಚಿನ ಕಚ್ಚು ಬೇರೆ ಬೇರೆ ಜಾಗದಲ್ಲಿರುತ್ತದೆ. ಒಂದರ ಕಿಂಡಿಗೆ ಇನ್ನೊಂದು ಕೂರದು. ಲ್ಯಾಪ್‌ಟಾಪಿನ ಪಟ್ಟಿ ಮೇಜಿನ ಯಂತ್ರದ್ದಕ್ಕಿಂತ ಗಿಡ್ಡ. ಕೆಲವು ಲ್ಯಾಪ್‌ಟಾಪ್‌ಗಳು 1.35 ವೋಲ್ಟಿನ ಡಿಡಿಆರ್3ಎಲ್ ಪಟ್ಟಿಯನ್ನಷ್ಟೇ ಒಪ್ಪುತ್ತವೆ. ಹಳೆಯ ಪಟ್ಟಿಯ ಚೀಟಿಯನ್ನು ಓದಿಕೊಂಡೇ ಅಂಗಡಿಗೆ ಹೋಗಬೇಕು. ಹಾಕುವಾಗ ಪ್ಲಗ್ಗು, ಬ್ಯಾಟರಿ ತೆಗೆದು, ಪವರ್ ಗುಂಡಿಯನ್ನು ಕೆಲ ಕ್ಷಣ ಒತ್ತಿ ಉಳಿದ ವಿದ್ಯುತ್ತನ್ನು ಬರಿದುಮಾಡಿ, ಯಂತ್ರದ ಲೋಹದ ಚೌಕಟ್ಟನ್ನು ಮುಟ್ಟಿ ಮೈಯ ಸ್ಥಾಯೀ ವಿದ್ಯುತ್ತನ್ನು ಕಳೆದುಕೊಳ್ಳಬೇಕು. ಮಲೆನಾಡಿನ ಮಳೆಗಾಲದ ತೇವಕ್ಕೆ ಸಂಪರ್ಕಗಳು ಮಸುಕಾಗಿ ಯಂತ್ರ ಏಳದಿರುವುದುಂಟು. ಪಟ್ಟಿಯನ್ನು ತೆಗೆದು, ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಒರೆಸಿ, ಪುಡಿ ಕೊಡವಿ ಮತ್ತೆ ಕೂರಿಸಿದರೆ ‘ಸತ್ತ’ ಯಂತ್ರ ಎಷ್ಟೋ ಸಲ ಎದ್ದು ಕೂರುತ್ತದೆ.

ಮೂರನೆಯದು ಸಾಮೂಹಿಕ ಕೆಲಸ. ದೇಸಿ ಭತ್ತದ ತಳಿಗಳನ್ನು ಉಳಿಸಲು ಬೀಜ ಬ್ಯಾಂಕ್ ಕಟ್ಟಿದ ಜನಕ್ಕೆ ರ್‍ಯಾಮ್ ಬ್ಯಾಂಕ್ ಕಟ್ಟುವುದು ಕಷ್ಟವಲ್ಲ. ಪರದೆ ಒಡೆದ, ಸಿಡಿಲಿಗೆ ಬೋರ್ಡು ಸುಟ್ಟ ಯಂತ್ರಗಳು ಮನೆಮನೆಯ ಅಟ್ಟದಲ್ಲಿವೆ. ಅವುಗಳಲ್ಲಿ ಎಷ್ಟೋ ಸುಸ್ಥಿತಿಯ ಪಟ್ಟಿಗಳಿರುತ್ತವೆ. ಕಾಲೇಜು ವಿದ್ಯಾರ್ಥಿಗಳು ಅವನ್ನು ಸಂಗ್ರಹಿಸಿ, ಪರೀಕ್ಷಿಸಿ, ಬಗೆ ಮತ್ತು ಗಾತ್ರದ ಚೀಟಿ ಹಚ್ಚಿ ಊರಿನ ಗ್ರಂಥಾಲಯದಲ್ಲೋ ಸಹಕಾರಿ ಸಂಘದಲ್ಲೋ ಇಡಬಹುದು. ಬೇಕಾದವರು ಒಯ್ದು, ತಮ್ಮಲ್ಲಿ ಹೆಚ್ಚಾದದ್ದನ್ನು ಕೊಡಲಿ. ಬೆಲೆ ಏರಿದ ಕಾಲದಲ್ಲಿ ಇದು ಬಡ ವಿದ್ಯಾರ್ಥಿಗೆ ನೇರ ನೆರವು.

ನಾಲ್ಕನೆಯದು ಹಕ್ಕೊತ್ತಾಯ. ರಿಪೇರಿ ಹಕ್ಕಿನ ಚೌಕಟ್ಟು ರೂಪಿಸಲು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ಸಮಿತಿ ರಚಿಸಿತು. ಅದು ಗುರುತಿಸಿದ ಕ್ಷೇತ್ರಗಳಲ್ಲಿ ಕೃಷಿ ಉಪಕರಣವೂ ಸೇರಿದೆ. ಟಿಲ್ಲರಿನ ಬಿಡಿಭಾಗಕ್ಕಾಗಿ ಅಲೆದ ರೈತನಿಗೂ ಬೆಸೆದ ರ್‍ಯಾಮಿನ ಮುಂದೆ ಕೈಚೆಲ್ಲಿದ ವಿದ್ಯಾರ್ಥಿನಿಗೂ ಬೇಕಾದದ್ದು ಒಂದೇ ಹಕ್ಕು. ಮಾರಾಟವಾಗುವ ಪ್ರತಿಯೊಂದು ಮನೆಬಳಕೆಯ ಗಣಕಯಂತ್ರದ ರ್‍ಯಾಮ್ ಕಳಚುವಂತಿರಬೇಕು, ಬೆಸೆದಿದ್ದರೆ ಪೆಟ್ಟಿಗೆಯ ಮೇಲೆ ಕನ್ನಡದಲ್ಲಿ ದಪ್ಪಕ್ಷರಗಳಲ್ಲಿ ಅದನ್ನು ಹೇಳಬೇಕು ಎಂಬ ಠರಾವು ಗ್ರಾಮಸಭೆಗಳಿಂದ ಇಲಾಖೆಗೆ ಹೋಗಲಿ. ಶಾಲೆ, ಪಂಚಾಯತಿ, ಸಹಕಾರಿ ಸಂಘಗಳು ಹೊಸ ಯಂತ್ರಗಳಿಗೆ ಟೆಂಡರು ಕರೆಯುವ ಮುನ್ನ, ಇರುವವಕ್ಕೆ ರ್‍ಯಾಮ್ ಸೇರಿಸಿ ನೋಡಲಾಗಿದೆಯೇ ಎಂಬ ಪ್ರಶ್ನೆಗೆ ಬರಹದಲ್ಲಿ ಉತ್ತರ ಕೊಡಲಿ. ಈ ಎರಡು ಬೇಡಿಕೆಗಳನ್ನು ಮುಂದಿನ ಗ್ರಾಮಸಭೆಯಲ್ಲೇ ಮಂಡಿಸಲು ಯಾವ ಸರ್ಕಾರದ ಅಪ್ಪಣೆಯೂ ಬೇಕಿಲ್ಲ.