ಮೊದಲು ಎಣಿಸೋದು ಕಲಿಸಿ, ಸಾಫ್ಟ್‌ವೇರ್ ಆಮೇಲೆ

ನಾವು ಇಂಗ್ಲಿಷ್ ಮೀಡಿಯಂನಲ್ಲಿ ಓದಿದವರು, ತಪ್ಪಿದ್ರೆ ತಿದ್ದಿ ಓದ್ಕೊಳ್ಳಿ. ಈ ವಿಷಯ ಮಾತ್ರ ಕನ್ನಡದಲ್ಲೇ ಬರೀಬೇಕು ಅನಿಸ್ತು. ಯಾಕಂದ್ರೆ ನಮಗೆ ಇದು ಅರ್ಥ ಆಗಿದ್ದೇ ಕನ್ನಡದಲ್ಲಿ, ಒಂದು ಶೇಂಗಾ ಹೊಲದಲ್ಲಿ.

ದಸರಾ ರಜೆಗೆ ನಾವು ಮೂವರು ಗೆಳೆಯರು ಚಳ್ಳಕೆರೆ ತಾಲ್ಲೂಕಿನ ಪರಶುರಾಂಪುರಕ್ಕೆ, ನಮ್ಮಲ್ಲೊಬ್ಬನ ಮನೆಗೆ ಹೋಗಿದ್ವಿ. ಅವನ ಅಕ್ಕ ಬಿ.ಎಸ್ಸಿ. ಕೊನೆ ವರ್ಷ, ಬಾಟನಿ ಮತ್ತು ಜುವಾಲಜಿ. ಅವರಪ್ಪ ಆ ವರ್ಷ ಪಕ್ಕಪಕ್ಕದ ಎರಡು ತುಂಡು ಹೊಲದಲ್ಲಿ ಹಳೇ ಬೀಜ, ಹೊಸ ಬೀಜ ಎರಡನ್ನೂ ಹಾಕಿದ್ರು. ಯಾವುದಕ್ಕೆ ಎಲೆಚುಕ್ಕೆ ರೋಗ ಜಾಸ್ತಿ ಅಂತ ನೋಡೋಣ ಅಂದ್ವಿ. ಎರಡನೇ ವರ್ಷದ ಇಂಜಿನಿಯರುಗಳು ನಾವು, ಲ್ಯಾಪ್‌ಟಾಪ್ ಬೇರೆ ಇತ್ತು, ಸುಮ್ನೆ ಇರ್ತೀವಾ? ಒಂದೊಂದರಲ್ಲಿ 20 ಗಿಡ ನೋಡಿದ್ವಿ. ಹಳೇ ಬೀಜದಲ್ಲಿ 14ಕ್ಕೆ ರೋಗ, ಹೊಸದರಲ್ಲಿ 6ಕ್ಕೆ. ಪೈಥಾನ್‌ನಲ್ಲಿ ಕೈ-ಸ್ಕ್ವೇರ್ ಹಾಕಿದ್ರೆ 6.4 ಬಂತು. 3.84 ದಾಟಿದ್ರೆ ವ್ಯತ್ಯಾಸ ನಿಜ ಅಂತ ಲೆಕ್ಕ. ಬಣ್ಣದ ಗ್ರಾಫ್ ತೋರಿಸಿ, ಹೊಸ ಬೀಜಾನೇ ಒಳ್ಳೇದು ಅಂತ ತೀರ್ಪು ಕೊಟ್ವಿ.

ಅಕ್ಕ ನಕ್ಕು ಕೇಳಿದ್ಳು: "ಹಳೇ ಬೀಜದ ಗಿಡಗಳನ್ನ ಎಲ್ಲಿ ನೋಡಿದ್ರೋ? ಬದುವಿನ ಪಕ್ಕ ತಾನೇ? ಅಲ್ಲಿ ಬೇವಿನ ಮರದ ನೆರಳು, ತೇವ ಬೇಗ ಆರಲ್ಲ. ಹೊಸದನ್ನ ಹೊಲದ ನಡುವೆ ನೋಡಿದೀರ. ನೀವು ಅಳೆದಿದ್ದು ಬೀಜಾನೋ, ಜಾಗಾನೋ?"

ನಮ್ಮ ಹತ್ರ ಉತ್ತರ ಇರಲಿಲ್ಲ. ಸಾಲುಗಳ ನಂಬರನ್ನ ಚೀಟಿಯಲ್ಲಿ ಬರೆದು, ಎತ್ತಿ, ಬಂದ ಸಾಲಿನ ಗಿಡಗಳನ್ನೇ ಮತ್ತೆ ಎಣಿಸಿದ್ವಿ. ಈ ಸಲ 11 ಮತ್ತು 9. ಕೈ-ಸ್ಕ್ವೇರ್ ಬರೀ 0.4. ಎರಡೂ ಬೀಜ ಒಂದೇ ಅಂತ ಇದರಿಂದಲೂ ಹೇಳೋಕಾಗಲ್ಲ, 20 ಗಿಡ ತೀರಾ ಕಡಿಮೆ. ಆದ್ರೆ ಮೊದಲ ತೀರ್ಪು ಮಾತ್ರ ಬಿದ್ದುಹೋಯ್ತು. ಪೈಥಾನ್ ಎರಡು ಸಲಾನೂ ಲೆಕ್ಕ ಸರಿಯಾಗೇ ಮಾಡಿತ್ತು, ತಪ್ಪು ಎಣಿಸಿದ್ದು ನಾವು.

ಆಮೇಲೆ ಅಕ್ಕ ಹೇಳಿದ ಮಾತು ನಮಗೆ ಇನ್ನೂ ಚುಚ್ಚುತ್ತೆ. ಕೈ-ಸ್ಕ್ವೇರ್ ಅವಳಿಗೂ ಬಾಯಿಪಾಠ, ಪರೀಕ್ಷೆಲಿ ಬರೆದು ಪೂರ್ತಿ ಮಾರ್ಕ್ಸ್ ತಗೊಂಡಿದ್ದಾಳೆ. "ಆದ್ರೆ ಅದನ್ನ ನಮ್ಮ ಹೊಲದಲ್ಲಿ ಹಾಕಬಹುದು ಅಂತ ಯಾರೂ ಹೇಳಿರಲಿಲ್ಲ ಕಣ್ರೋ."

ಜೀವವಿಜ್ಞಾನದ ಪದವಿಯಲ್ಲಿ ಅಂಕಿಅಂಶ ಅನ್ನೋದು ಎಷ್ಟೋ ಕಡೆ ಕೊನೆಯಲ್ಲಿ ಓಡಿಸೋ ಒಂದು ಅಧ್ಯಾಯ. ಪುಸ್ತಕದಲ್ಲಿರೋ ಲೆಕ್ಕ, ಪುಸ್ತಕದಲ್ಲಿರೋ ಉತ್ತರ. ಆದ್ರೆ ಈ ವಿದ್ಯೆ ಬೆಳೆದಿದ್ದೇ ಹೊಲದಲ್ಲಿ. ರೊನಾಲ್ಡ್ ಫಿಶರ್ 1919ರಲ್ಲಿ ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರಕ್ಕೆ ಸೇರಿದ್ರು. ನಾವು ಚೀಟಿ ಎತ್ತಿದ ಹಾಗೆ, ಯಾವ ತುಂಡಿಗೆ ಯಾವ ಬೀಜ, ಯಾವ ಗೊಬ್ಬರ ಅನ್ನೋದನ್ನ ಅದೃಷ್ಟಕ್ಕೆ ಬಿಡಬೇಕು ಅಂತ ಅವರು ಕಲಿಸಿದ್ದು ಅಲ್ಲಿಯ ಪ್ರಯೋಗಗಳಿಂದ. ನಮ್ಮಲ್ಲೇ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಘವೇಂದ್ರ ಗದಗಕರ್ ದಶಕಗಳ ಕಾಲ ಕಣಜಗಳ ಗೂಡನ್ನ ನೋಡ್ತಾ, ಎಣಿಸ್ತಾ ಸಂಶೋಧನೆ ಮಾಡಿದ್ದಾರೆ. ದುಡ್ಡಿಲ್ಲದೆಯೂ ಒಳ್ಳೆ ಪ್ರಯೋಗ ಮಾಡಬಹುದು ಅಂತ ಒಂದು ಪುಸ್ತಕಾನೇ ಬರೆದಿದ್ದಾರೆ.

ಇದು ಬರೀ ಮಾರ್ಕ್ಸ್ ಮಾತಲ್ಲ. ಫಸಲ್ ಬಿಮಾ ಯೋಜನೆಯಲ್ಲಿ ಶೇಂಗಾ ರೈತರಿಗೆ ಪರಿಹಾರ ಎಷ್ಟು ಅನ್ನೋದಕ್ಕೆ ಮುಖ್ಯ ಆಧಾರ ಬೆಳೆ ಕಟಾವು ಪ್ರಯೋಗ. ಆಯ್ದ ಕೆಲವೇ ಹೊಲಗಳಲ್ಲಿ ಸಣ್ಣ ಚೌಕ ಅಳೆದು, ಕಿತ್ತು, ತೂಗಿ, ಅದರ ಮೇಲೆ ಇಡೀ ಪಂಚಾಯ್ತಿಯ ಇಳುವರಿ ಹೇಳ್ತಾರೆ. ಯಾವ ಹೊಲ, ಹೇಗೆ ಆಯ್ಕೆ ಮಾಡಿದ್ರು, ಎಷ್ಟು ಚೌಕ ಅಂತ ಕೇಳಬಲ್ಲ ಒಬ್ಬ ಪದವೀಧರೆ ಊರಲ್ಲಿದ್ರೆ ಎಷ್ಟು ಮನೆಗೆ ಉಪಕಾರ!

ಮೇಷ್ಟ್ರುಗಳಿಗೆ ಸಮಯ ಇಲ್ಲ, ಕಂಪ್ಯೂಟರ್ ಲ್ಯಾಬ್ ಇಲ್ಲ ಅನ್ನೋ ಮಾತು ನಿಜಾನೇ. ಆದ್ರೆ ನಮ್ಮ ಚೀಟಿಗೆ ಬೇಕಾಗಿದ್ದು ಹಳೇ ನೋಟ್‌ಬುಕ್ಕಿನ ಒಂದು ಹಾಳೆ. ಲೆಕ್ಕಕ್ಕೆ ಮೊಬೈಲ್ ಸಾಕು. ಶಿಕ್ಷಕರ ತರಬೇತಿಗೂ ದೂರ ಹೋಗಬೇಕಿಲ್ಲ, ಇದೇ ತಾಲ್ಲೂಕಿನ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಕ್ಯಾಂಪಸ್ ಇದೆ, ಅಲ್ಲಿ ವಿಜ್ಞಾನ ಶಿಕ್ಷಕರಿಗೆ ತರಬೇತಿ ಕೊಡ್ತಾರೆ. ಇನ್ನು, ಸಂಶೋಧನೆ ನಾಲ್ಕನೇ ವರ್ಷಕ್ಕೆ ಅಂತ ಕಾಯೋ ಹಾಗೂ ಇಲ್ಲ. 2021ರಲ್ಲಿ ಬಂದ ನಾಲ್ಕು ವರ್ಷದ ಪದವಿ 2024-25ರಿಂದ ಮತ್ತೆ ಮೂರು ವರ್ಷ ಆಗಿದೆ. ಹಾಗಾಗಿ ಮೊದಲನೇ ಸೆಮಿಸ್ಟರ್‌ನಿಂದಲೇ ಪ್ರತಿ ವಿದ್ಯಾರ್ಥಿಗೆ ತನ್ನದೇ ಒಂದು ಪ್ರಶ್ನೆ, ತಾನೇ ಎಣಿಸಿದ ನೂರು ಸಾಲು ಅಂಕಿ ಇರಲಿ. ಸೂತ್ರ ಆಮೇಲೆ ಬರಲಿ, ಸಾಫ್ಟ್‌ವೇರ್ ಕೊನೆಗೆ ಬರಲಿ. ರೆಕಾರ್ಡ್ ಪುಸ್ತಕದಲ್ಲಿ ಸೀನಿಯರ್ ಬರೆದ ಚಿತ್ರಾನೇ ನಕಲು ಮಾಡೋದಕ್ಕಿಂತ ಇದು ಮೇಲು.

ನಮ್ಮ ಕಾಲೇಜಿನ ಗೆಳೆಯರಿಗೂ ಒಂದು ಮಾತು. "ಬಿ.ಎಸ್ಸಿ.ಯವರಿಗೆ ಕೋಡಿಂಗ್ ಕಲಿಸ್ತೀವಿ" ಅಂತ ವರ್ಕ್‌ಶಾಪ್ ಮಾಡೋಕೆ ನಾವು ಯಾವಾಗ್ಲೂ ರೆಡಿ. ಮುಂದಿನ ಸಲ ಅರ್ಧ ದಿನ ನಾವು ಕಲಿಸೋಣ, ಇನ್ನರ್ಧ ದಿನ ಅವರ ಜೊತೆ ಹೊಲಕ್ಕೆ ಹೋಗಿ ಎಣಿಸೋದು ಕಲಿಯೋಣ. ನಮ್ಮ ಕೋಡ್‌ನಲ್ಲಿ ತಪ್ಪಿದ್ರೆ ಕಂಪ್ಯೂಟರ್ ಕೆಂಪಗೆ ತೋರಿಸುತ್ತೆ. ಬೇವಿನ ಮರದ ನೆರಳನ್ನ ತೋರಿಸೋಕೆ ಅಕ್ಕನೇ ಬೇಕಾಯ್ತು.