ಪರಿಮಳವೆಲ್ಲ ಶುಚಿಯಲ್ಲ

ಹಬ್ಬ ಹತ್ತಿರ ಬಂತೆಂದರೆ ಮನೆ ತೊಳೆಯುವ ಕೆಲಸ ಶುರುವಾಗುತ್ತದೆ. ಅಂಗಡಿಯ ಫಿನೈಲ್ ವಾಸನೆ ಆಗದವರು, ರಾಸಾಯನಿಕಗಳ ಸಹವಾಸವೇ ಬೇಡ ಎನ್ನುವವರು ನೆಲ ಒರೆಸುವ ದ್ರಾವಣವನ್ನು ಮನೆಯಲ್ಲೇ ತಯಾರಿಸಿಕೊಳ್ಳುತ್ತಾರೆ. ಒಂದು ಬಕೆಟ್ ನೀರಿಗೆ ಹತ್ತು ಹನಿ ನೀಲಗಿರಿ ಎಣ್ಣೆ ಅಥವಾ ಮಜ್ಜಿಗೆ ಹುಲ್ಲಿನ ಎಣ್ಣೆ, ಜೊತೆಗೆ ಪುಡಿ ಮಾಡಿದ ಎರಡು ಬಿಲ್ಲೆ ಕರ್ಪೂರ. ಒರೆಸಿ ಮುಗಿಸುವಷ್ಟರಲ್ಲಿ ಮನೆಯೆಲ್ಲ ಘಮಘಮ.

ಮನೆಯಲ್ಲೇ ಮಾಡಿಕೊಳ್ಳುವ ಈ ಪದ್ಧತಿಯನ್ನು ನಾನು ಹಳಿಯುವುದಿಲ್ಲ. ಖರ್ಚು ಕಡಿಮೆ, ಏನು ಹಾಕಿದ್ದೇವೆ ಎಂಬುದೂ ನಮಗೆ ಗೊತ್ತಿರುತ್ತದೆ. ಆದರೆ ಇದರ ಹಿಂದೆ ಎರಡು ತಪ್ಪು ತಿಳಿವಳಿಕೆಗಳಿವೆ. ಸುಗಂಧ ತೈಲವೇ ಕೊಳೆ ತೆಗೆದು ರೋಗಾಣುಗಳನ್ನು ಕೊಲ್ಲುತ್ತದೆ ಎಂಬುದು ಒಂದು. ಗಿಡಮೂಲದ್ದಾದ್ದರಿಂದ ಅದರಿಂದ ಯಾವ ಅಪಾಯವೂ ಇಲ್ಲ ಎಂಬುದು ಇನ್ನೊಂದು. ಮೊದಲನೆಯದರಿಂದ ಹಣ ದಂಡವಾಗುತ್ತದೆ, ಅಷ್ಟೆ. ಎರಡನೆಯದು ಮಗುವಿನ ಪ್ರಾಣಕ್ಕೇ ಎರವಾಗಬಹುದು.

ಕೊಳೆ ತೆಗೆಯುವುದು ಯಾವುದು?

ಅಡುಗೆಮನೆಯ ಜಿಡ್ಡು ಬರೀ ನೀರಿಗೆ ಹೋಗುವುದಿಲ್ಲ. ಸಾಬೂನಿನ ಅಣುವಿನ ಒಂದು ತುದಿ ಜಿಡ್ಡನ್ನು ಹಿಡಿದರೆ ಇನ್ನೊಂದು ತುದಿ ನೀರನ್ನು ಹಿಡಿಯುತ್ತದೆ. ತಿಕ್ಕಿ ತೊಳೆದಾಗ ಜಿಡ್ಡು, ಕೊಳೆ, ಅದರೊಂದಿಗೆ ಬಹುಪಾಲು ರೋಗಾಣುಗಳೂ ಕೊಚ್ಚಿಹೋಗುತ್ತವೆ. ನಮ್ಮ ಹಿರಿಯರು ಬಳಸುತ್ತಿದ್ದ ಅಂಟುವಾಳದ ಕಾಯಿಯಲ್ಲಿರುವ ಸಪೋನಿನ್ ಕೂಡ ಇದೇ ಕೆಲಸ ಮಾಡುತ್ತದೆ.

ಸುಗಂಧ ತೈಲಗಳಿಗೆ ರೋಗಾಣು ಕೊಲ್ಲುವ ಗುಣ ಇಲ್ಲವೇ ಎಂದು ನೀವು ಕೇಳಬಹುದು. ಪ್ರಯೋಗಾಲಯದಲ್ಲಿ ಇದೆ. ಆದರೆ ಪ್ರಮಾಣವನ್ನು ಗಮನಿಸಿ. ಹತ್ತು ಹನಿ ಎಂದರೆ ಸುಮಾರು ಅರ್ಧ ಮಿಲಿಲೀಟರ್. ಹತ್ತು ಲೀಟರ್ ನೀರಿನಲ್ಲಿ ಅದು 20,000 ಪಾಲಿನಲ್ಲಿ ಒಂದು ಪಾಲು ಮಾತ್ರ. ಇಷ್ಟರಿಂದ ರೋಗಾಣು ಸಾಯುತ್ತದೆಂದು ನಂಬುವಂತಿಲ್ಲ. ಸಾಯಲಿ ಎಂದು ಎಣ್ಣೆ ಹೆಚ್ಚು ಸುರಿದರೆ ತೊಂದರೆ ನಮಗೇ. ಎಣ್ಣೆ ನೀರಿನಲ್ಲಿ ಬೆರೆಯದೆ ಮೇಲೆ ತೇಲುತ್ತದೆ. ಬಟ್ಟೆ ಅದ್ದಿದ ಕೈಗೆ ನೇರವಾಗಿ ತಾಗಿ ಚರ್ಮ ಉರಿಯಬಹುದು. ಕಿತ್ತಳೆ, ನಿಂಬೆ ಸಿಪ್ಪೆಯ ಎಣ್ಣೆಗಳಲ್ಲಿರುವ ಲಿಮೊನೀನ್ ಗಾಳಿಗೆ ತೆರೆದು ಹಳತಾದಂತೆ ಚರ್ಮದ ಅಲರ್ಜಿ ಉಂಟುಮಾಡುವ ವಸ್ತುಗಳಾಗಿ ಮಾರ್ಪಡುತ್ತದೆ. ಆಸ್ತಮಾ ಇರುವ ಕೆಲವರಿಗೆ ಗಾಢ ವಾಸನೆಯಿಂದಲೇ ಉಬ್ಬಸ ಕೆರಳುವುದುಂಟು.

ವಿನಿಗರ್ ಮತ್ತು ಅಡುಗೆ ಸೋಡ ಬೆರೆಸುವ ಸಲಹೆಯೂ ಇದೇ ಜಾತಿಯದು. ನೊರೆ ಉಕ್ಕುವುದನ್ನು ಕಂಡು ಕೆಲಸ ನಡೆಯುತ್ತಿದೆ ಎಂದುಕೊಳ್ಳುತ್ತೇವೆ. ವಾಸ್ತವದಲ್ಲಿ ಆಮ್ಲ ಮತ್ತು ಕ್ಷಾರ ಒಂದರ ಶಕ್ತಿಯನ್ನು ಇನ್ನೊಂದು ಕಳೆದಿರುತ್ತವೆ. ಕಡಪ ಕಲ್ಲು, ಅಮೃತಶಿಲೆ, ಮೊಸಾಯಿಕ್ ನೆಲಗಳ ಮೇಲೆ ಬರೀ ವಿನಿಗರ್ ಅಥವಾ ನಿಂಬೆರಸ ಹಾಕಿದರೆ ಹೊಳಪೇ ಹೋಗುತ್ತದೆ.

ಮಕ್ಕಳಿರುವ ಮನೆಯಲ್ಲಿ

ನನ್ನ ಮುಖ್ಯ ಆತಂಕ ಇರುವುದು ಇಲ್ಲಿ. ಈ ಎಣ್ಣೆಗಳು ಬರುವುದು ಕೆಮ್ಮಿನ ಔಷಧಿಯಂತೆ ಕಾಣುವ ಪುಟ್ಟ ಬಾಟಲಿಗಳಲ್ಲಿ. ವಾಸನೆಯೋ ಮಿಠಾಯಿಯಂತೆ. ನೆಲ ಒರೆಸುವವರು ಬಕೆಟ್ಟಿನ ಪಕ್ಕದಲ್ಲೇ ಬಾಟಲಿ ಇಟ್ಟು ಒಳಗೆ ಹೋಗಿರುತ್ತಾರೆ. ಅಂಬೆಗಾಲಿಡುವ ಮಗುವಿಗೆ ಸಿಕ್ಕಿದ್ದೆಲ್ಲ ಬಾಯಿಗೆ.

ನೀಲಗಿರಿ ಎಣ್ಣೆ ಒಂದು ಟೀ ಚಮಚದಷ್ಟು, ಅಂದರೆ ಸುಮಾರು 5 ಮಿಲಿಲೀಟರ್, ಹೊಟ್ಟೆಗೆ ಹೋದರೂ ಚಿಕ್ಕ ಮಗುವಿಗೆ ಗಂಭೀರ ವಿಷಬಾಧೆ ಆಗಬಹುದು. ಬಾಯಿ ಉರಿ, ವಾಂತಿ, ಮಂಪರು, ಫಿಟ್ಸ್, ಪ್ರಜ್ಞೆ ತಪ್ಪುವುದು — ಇವೆಲ್ಲ ಕೆಲವೇ ನಿಮಿಷಗಳಲ್ಲಿ ಕಾಣಿಸಿಕೊಳ್ಳಬಲ್ಲವು. ಕರ್ಪೂರ ಇನ್ನೂ ಕೆಟ್ಟದ್ದು. ಒಂದು ಗ್ರಾಂನಷ್ಟು ಕರ್ಪೂರ ಪುಟ್ಟ ಮಗುವಿಗೆ ಮಾರಕವಾಗಬಲ್ಲದು. ದೇವರ ಮುಂದಿನ ವಸ್ತು ಎಂಬ ಕಾರಣಕ್ಕೆ ಅದನ್ನು ಕೈಗೆಟುಕುವಲ್ಲಿ ಇಡುವುದು ಬೇಡ.

ಆಕಸ್ಮಿಕವಾಗಿ ಮಗು ಎಣ್ಣೆ ಕುಡಿದರೆ ವಾಂತಿ ಮಾಡಿಸಲು ಹೋಗಬೇಡಿ. ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಪರಿಸ್ಥಿತಿ ಮತ್ತಷ್ಟು ಬಿಗಡಾಯಿಸುತ್ತದೆ. ಉಪ್ಪುನೀರು, ಹಾಲು ಕುಡಿಸುತ್ತ ಕಾಲ ಕಳೆಯದೆ, 108ಕ್ಕೆ ಕರೆ ಮಾಡಿ ಇಲ್ಲವೆ ಸಿಕ್ಕ ವಾಹನದಲ್ಲಿ ಆಸ್ಪತ್ರೆಗೆ ಹೋಗಿ. ಬಾಟಲಿಯನ್ನು ಜೊತೆಯಲ್ಲೇ ಒಯ್ಯಿರಿ. ವೈದ್ಯರಿಗೆ ಅದು ಬಹಳ ಮುಖ್ಯ. ಮಗು ಚೆನ್ನಾಗಿ ಆಡುತ್ತಿದೆ ಎಂದು ಮನೆಯಲ್ಲೇ ಕಾಯಬೇಡಿ.

ಬೆಕ್ಕು ಸಾಕಿರುವವರಿಗೂ ಒಂದು ಮಾತು. ಬೆಕ್ಕಿನ ಯಕೃತ್ತಿಗೆ ಈ ತೈಲಗಳನ್ನು ಅರಗಿಸುವ ಶಕ್ತಿ ತೀರ ಕಡಿಮೆ. ಎಣ್ಣೆ ಹಚ್ಚಿದ ನೆಲದ ಮೇಲೆ ಓಡಾಡಿ ಪಾದ ನೆಕ್ಕಿಕೊಂಡರೆ ಅದೂ ಹೊಟ್ಟೆಗೆ ಹೋಗುತ್ತದೆ. ಟೀ ಟ್ರೀ ಎಣ್ಣೆಯಂತೂ ಬೇಡವೇ ಬೇಡ.

ಹಾಗಾದರೆ ಮಾಡುವುದೇನು?

ದಿನನಿತ್ಯದ ನೆಲಕ್ಕೆ ಸಾಬೂನು ನೀರು, ಒರಟು ಬಟ್ಟೆ, ಆಮೇಲೆ ಶುದ್ಧ ನೀರು ಸಾಕು. ಅಂಟುವಾಳದ ಕಷಾಯವಾದರೆ ಅಂದಂದಿಗೆ ಬೇಕಾದಷ್ಟೇ ಮಾಡಿಕೊಳ್ಳಿ, ಬೇಗ ಹುಳಿಯುತ್ತದೆ. ಪರಿಮಳ ಬೇಕೆನಿಸಿದರೆ ಎರಡು ಮೂರು ಹನಿ ಎಣ್ಣೆಯನ್ನು ಮೊದಲು ಸಾಬೂನಿನ ದ್ರಾವಣದಲ್ಲಿ ಚೆನ್ನಾಗಿ ಕಲಸಿ, ನಂತರ ಬಕೆಟ್ಟಿಗೆ ಹಾಕಿ. ಒರೆಸುವಾಗ ಕಿಟಕಿ ತೆರೆದಿರಲಿ. ಹಸುಗೂಸು ಅಥವಾ ಉಬ್ಬಸದವರು ಇರುವ ಮನೆಯಲ್ಲಿ ಎಣ್ಣೆಯನ್ನು ಬಿಟ್ಟುಬಿಡುವುದೇ ಲೇಸು. ಉಳಿದ ದ್ರಾವಣವನ್ನು ತಂಪು ಪಾನೀಯದ ಹಳೆಯ ಬಾಟಲಿಗೆ ತುಂಬಿಡಬೇಡಿ. ದೊಡ್ಡವರೂ ಬಾಯಾರಿ ಅದನ್ನೇ ಎತ್ತಿ ಕುಡಿದುಬಿಡಬಹುದು.

ಮನೆಯಲ್ಲಿ ಯಾರಿಗಾದರೂ ವಾಂತಿಭೇದಿಯಾಗಿದ್ದರೆ ಮಾತ್ರ ರೋಗಾಣುನಾಶಕ ಅಗತ್ಯ. ಆಗಲೂ ಮೊದಲು ಸಾಬೂನಿನಿಂದ ತೊಳೆದು, ಸಾಬೂನು ಪೂರ್ತಿ ಹೋಗುವಂತೆ ನೀರು ಹಾಕಿ, ಬಳಿಕ ಬ್ಲೀಚಿಂಗ್ ಪೌಡರ್ ದ್ರಾವಣ ಬಳಸಿ. ಬ್ಲೀಚಿಂಗ್ ಪೌಡರನ್ನು ಕಕ್ಕಸಿಗೆ ಹಾಕುವ ಆಸಿಡ್ ಜೊತೆಗಾಗಲಿ ವಿನಿಗರ್ ಜೊತೆಗಾಗಲಿ ಎಂದಿಗೂ ಬೆರೆಸಬೇಡಿ. ಹೊರಡುವ ಕ್ಲೋರಿನ್ ಅನಿಲ ಉಸಿರುಗಟ್ಟಿಸುತ್ತದೆ.

ಬೆಳ್ಳಗಿರುವುದೆಲ್ಲ ಹಾಲಲ್ಲ ಎನ್ನುತ್ತದೆ ಗಾದೆ. ಘಮಘಮಿಸುವ ಮನೆಯೆಲ್ಲ ಶುಚಿಯಾದ ಮನೆಯೂ ಅಲ್ಲ. ನಿಜವಾಗಿ ತೊಳೆದ ನೆಲಕ್ಕೆ ಯಾವ ವಾಸನೆಯೂ ಇರಬೇಕಾಗಿಲ್ಲ. ಈ ಲೇಖನ ಓದಿ ಮುಗಿಸಿದ ಕೂಡಲೇ ಎದ್ದು, ನಿಮ್ಮ ಮನೆಯ ನೀಲಗಿರಿ ಎಣ್ಣೆಯ ಬಾಟಲಿ ಮತ್ತು ಕರ್ಪೂರದ ಡಬ್ಬಿ ಎಲ್ಲಿವೆ ಎಂದೊಮ್ಮೆ ನೋಡಿ. ಮಗುವಿನ ಕೈಗೆ ಸಿಗುವಂತಿದ್ದರೆ, ಅವನ್ನು ಈಗಲೇ ಮೇಲಿನ ಬೀರುವಿನಲ್ಲಿಟ್ಟು ಬೀಗ ಹಾಕಿ.